ಒಂದು ತೂಬಿಗೆ ಒಬ್ಬನೇ ನೀರಗಂಟಿ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂತಹ ಊರುಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ನೀರಗಂಟಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಂದು ನೀರು ಬಿಡಬೇಕು ಎಂಬುದು ಅವನ ಹೊಣೆ. ಒಂದೇ ತೂಬನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಸದೆ ಎತ್ತಿ ಇಳಿಸತೊಡಗಿದರೆ ಪೈರಿನ ಗತಿಯೇನು? ಅಂಗೈಯಗಲದ ಕಂಪ್ಯೂಟರಿನೊಳಗೂ ಇಂತಹುದೇ ಪ್ರಶ್ನೆಯೊಂದು ಏಳುವುದುಂಟು. ಅದನ್ನು ನಾವೀಗ ಪರಿಶೀಲಿಸೋಣ.

ಕಂಪ್ಯೂಟರಿನ ಚಿಪ್ಪಿನಲ್ಲಿ ಅನೇಕ ಘಟಕಗಳಿರುತ್ತವೆ. ಅವೆಲ್ಲವೂ ಕ್ಲಾಕ್ ಎಂಬ ವಿದ್ಯುತ್ ಮಿಡಿತಕ್ಕೆ ಅನುಸಾರವಾಗಿ ನಡೆಯತಕ್ಕವು. ಸಾಮಾನ್ಯವಾಗಿ ಸೆಕೆಂಡಿಗೆ 2 ಕೋಟಿ 40 ಲಕ್ಷ ಬಾರಿ ಕಂಪಿಸುವ ಸ್ಫಟಿಕವೊಂದು ಇದರ ಮೂಲ. ಈ ಮಿಡಿತವನ್ನು ಗುಣಿಸಿ, ಭಾಗಿಸಿ, ದ್ವಾರಗಳ ಮೂಲಕ ಘಟಕಗಳಿಗೆ ಹಂಚುತ್ತಾರೆ. ಬೇಡದ ದ್ವಾರವನ್ನು ಮುಚ್ಚಿದರೆ ವಿದ್ಯುತ್ತು ಉಳಿಯುತ್ತದೆ.

ಎರಡನೆಯದು ರೀಸೆಟ್. ವಿದ್ಯುತ್ತು ಹರಿದ ಕ್ಷಣದಲ್ಲಿ ಘಟಕದ ಸ್ಮೃತಿಕೋಶಗಳಲ್ಲಿ 0 ಇದೆಯೋ 1 ಇದೆಯೋ ಹೇಳಬರುವಂತಿಲ್ಲ. ಅವನ್ನು ಗೊತ್ತಾದ ಸ್ಥಿತಿಗೆ ತರುವ ಸಂಕೇತವೇ ರೀಸೆಟ್. ಮಿಡಿತವು ಸ್ಥಿರಗೊಳ್ಳುವ ಮುನ್ನವೇ ಅದನ್ನು ಸಡಿಲಿಸಿದರೆ ಘಟಕವು ತಪ್ಪು ಸ್ಥಿತಿಯಿಂದ ಕೆಲಸ ಆರಂಭಿಸಬಹುದು. ಆದುದರಿಂದಲೇ ಎಂಜಿನಿಯರುಗಳು ಇವೆರಡರ ಹತೋಟಿಯನ್ನು ಹಲವು ಚಿಪ್ಪುಗಳಲ್ಲಿ ಒಂದೇ ನಿಯಂತ್ರಕಕ್ಕೆ ಒಪ್ಪಿಸಿದ್ದಾರೆ.

ಕೆಲವು ಆರೆಂಜ್ ಪೈ ಫಲಕಗಳಲ್ಲಿರುವ ಆಲ್‌ವಿನ್ನರ್ ಎಚ್6 ಚಿಪ್ಪನ್ನೇ ನೋಡೋಣ. ಅದರ ನಿಯಂತ್ರಕದಲ್ಲಿ 32 ಬಿಟ್‌ಗಳ ರಿಜಿಸ್ಟರೊಂದಿದೆ. ಅದರಲ್ಲಿ 0ಯಿಂದ 3ರವರೆಗಿನ ಬಿಟ್‌ಗಳು ನಾಲ್ಕು ಸೀರಿಯಲ್ ಘಟಕಗಳ ಕ್ಲಾಕ್ ದ್ವಾರಗಳು. 16ರಿಂದ 19ರವರೆಗಿನವು ಅವೇ ಘಟಕಗಳ ರೀಸೆಟ್‌ಗಳು. ಇಲ್ಲಿ ಒಂದು ಬಿಟ್ಟನ್ನು ಬದಲಿಸಲು ಇಡೀ ರಿಜಿಸ್ಟರನ್ನು ಓದಿ, ತಿದ್ದಿ, ಮರಳಿ ಬರೆಯಬೇಕು. ಕ್ಲಾಕ್ ನೋಡಿಕೊಳ್ಳುವ ಡ್ರೈವರು ಓದಿ ತಿದ್ದುತ್ತಿರುವಾಗಲೇ ರೀಸೆಟ್ಟಿನ ಡ್ರೈವರೂ ಅದನ್ನು ಬದಲಿಸಿತೆನ್ನಿ. ಮೊದಲನೆಯದು ತನ್ನ ಹಳೆಯ ಪ್ರತಿಯನ್ನು ಬರೆದೊಡನೆ ಎರಡನೆಯದರ ಬದಲಾವಣೆ ಅಳಿಸಿಹೋಗುತ್ತದೆ! ಒಂದೇ ಡ್ರೈವರಿದ್ದು, ಒಂದೇ ಬೀಗದ ಕಾವಲಿನಲ್ಲಿ ಎರಡೂ ಕೆಲಸಗಳು ನಡೆದರೆ ಈ ಅಪಾಯವಿಲ್ಲ.

ಚಿಪ್ಪಿನಲ್ಲಿ ಏನೇನಿದೆಯೆಂದು ಲಿನಕ್ಸ್ ಕಾರ್ಯವ್ಯವಸ್ಥೆಗೆ ತಿಳಿಸುವ ದಾಖಲೆಗೆ ಡಿವೈಸ್ ಟ್ರೀ ಎಂದು ಹೆಸರು. ಇದು ಪಹಣಿಯಿದ್ದಂತೆ: ಸರ್ವೆ ನಂಬರಿನ ಸ್ಥಾನದಲ್ಲಿ ವಿಳಾಸ, ವಿಸ್ತೀರ್ಣದ ಸ್ಥಾನದಲ್ಲಿ ಬೈಟ್‌ಗಳು. ಲಿನಕ್ಸಿನಲ್ಲಿ ಕ್ಲಾಕ್‌ಗಳಿಗೆ 2012ರಲ್ಲಿ, ರೀಸೆಟ್‌ಗಳಿಗೆ 2013ರಲ್ಲಿ ಪ್ರತ್ಯೇಕ ವ್ಯವಸ್ಥೆಗಳು ಬಂದವು. ವ್ಯವಸ್ಥೆಗಳು ಎರಡಾದುದರಿಂದ ದಾಖಲೆಯಲ್ಲಿಯೂ ಎರಡು ನಮೂದುಗಳಿರಲಿ ಎನ್ನಿಸುವುದು ಸಹಜ. ಆಲ್‌ವಿನ್ನರ್ ಚಿಪ್ಪುಗಳ ಹಿಂದಿನ ದಾಖಲೆಗಳಲ್ಲಿ ಕ್ಲಾಕ್‌ಗಳಿಗೂ ರೀಸೆಟ್‌ಗಳಿಗೂ ಬೇರೆಬೇರೆ ನಮೂದುಗಳೇ ಇದ್ದವು. 2016ರಲ್ಲಿ ಈ ಪದ್ಧತಿಯನ್ನು ಬಿಟ್ಟು, ಇಡೀ ನಿಯಂತ್ರಕಕ್ಕೆ ಒಂದೇ ನಮೂದೆಂಬ ಕ್ರಮವನ್ನು ಆರಂಭಿಸಿದರು.

ಎಚ್6ರ ನಮೂದಿನಲ್ಲಿ ವಿಳಾಸವು ಷೋಡಶಮಾನ ಪದ್ಧತಿಯಲ್ಲಿ 03001000, ವಿಸ್ತಾರ 4096 ಬೈಟ್‌ಗಳು. ಕ್ಲಾಕನ್ನು ಒಂದು ಸಂಖ್ಯೆಯಿಂದ, ರೀಸೆಟ್ಟನ್ನು ಇನ್ನೊಂದು ಸಂಖ್ಯೆಯಿಂದ ಕೇಳಬೇಕೆಂದು ಅಲ್ಲಿಯೇ ಹೇಳಿದೆ. ಸೀರಿಯಲ್ ಘಟಕದ ನಮೂದು 'ಈ ನಿಯಂತ್ರಕದ ಇಂತಿಷ್ಟನೆಯ ಕ್ಲಾಕು, ಇಂತಿಷ್ಟನೆಯ ರೀಸೆಟ್ಟು ನನ್ನವು' ಎನ್ನುತ್ತದೆ. ಈ ಸಂಖ್ಯೆಗಳ ಪಟ್ಟಿ ದಾಖಲೆಗೂ ಡ್ರೈವರಿಗೂ ಸಮಾನವಾದುದು. ಹಳೆಯ ದಾಖಲೆಯು ಹೊಸ ಲಿನಕ್ಸಿನೊಡನೆಯೂ ನಡೆಯಬೇಕಾದುದರಿಂದ, ಪ್ರಕಟವಾದ ಸಂಖ್ಯೆಯನ್ನು ಬದಲಿಸತಕ್ಕದ್ದಲ್ಲ. ಹೊಸತನ್ನು ಪಟ್ಟಿಯ ಕೊನೆಗೆ ಸೇರಿಸಬೇಕು.

ದಾಖಲೆಯು ಯಂತ್ರದ ಸ್ವರೂಪವನ್ನು ಹೇಳಬೇಕೇ ಹೊರತು ಡ್ರೈವರಿನ ಒಳರಚನೆಯನ್ನಲ್ಲ ಎಂಬುದೇ ಇಲ್ಲಿನ ಸೂತ್ರ. ಡ್ರೈವರನ್ನು ಎಷ್ಟು ಬಾರಿಯಾದರೂ ತಿದ್ದಿ ಬರೆಯಬಹುದು. ಸಿಲಿಕಾನಿನಲ್ಲಿ ಕೊರೆದುದು ಬದಲಾಗದು. 2021ರಲ್ಲಿ ಲಿನಕ್ಸಿಗೆ ಸೇರಿದ ಆಕ್ಸಿಲಿಯರಿ ಬಸ್ ಎಂಬ ಏರ್ಪಾಡಿನಿಂದ ಕ್ಲಾಕ್ ಡ್ರೈವರು ರೀಸೆಟ್ಟಿನ ಕೆಲಸವನ್ನು ತನ್ನ ಸಹಾಯಕನಿಗೆ ಒಪ್ಪಿಸಬಹುದು. ಆಗಲೂ ದಾಖಲೆಯ ಒಂದಕ್ಷರವೂ ಬದಲಾಗಬೇಕಿಲ್ಲ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದಂದಿನಿಂದ ಚಿಪ್ಪುಗಳ ವಿನ್ಯಾಸವು ನಮ್ಮ ನಾಡಿನ ಉದ್ಯೋಗವೂ ಆಗಿದೆ. ಆಸಕ್ತ ವಿದ್ಯಾರ್ಥಿಗಳು ಇಂತಹ ಫಲಕವೊಂದು ದೊರೆತಾಗ ಅದರ ಡಿವೈಸ್ ಟ್ರೀಯನ್ನು ತೆರೆದು, ಯಾವ ಘಟಕವು ಯಾವ ಕ್ಲಾಕನ್ನೂ ಯಾವ ರೀಸೆಟ್ಟನ್ನೂ ಕೇಳುತ್ತಿದೆಯೆಂದು ಪಟ್ಟಿಮಾಡಿ ನೋಡಲಿ. ಚಿಪ್ಪಿನ ಒಳನಕ್ಷೆಯು ತಾನಾಗಿಯೇ ಕಣ್ಣಮುಂದೆ ಮೂಡುವುದು.