ದಂಗೆಯೋ ಸಮರವೋ: 1929ರ ಇಗ್ಬೋ ಮಹಿಳೆಯರ ಪ್ರತಿಭಟನೆಯ ವಸಾಹತೋತ್ತರ ಓದು

ವಿಶ್ವ ರಾಜಕಾರಣದ ಅಧ್ಯಯನವು ಬಹುಮಟ್ಟಿಗೆ ರಾಷ್ಟ್ರ, ಸೇನೆ ಮತ್ತು ಒಪ್ಪಂದಗಳನ್ನು ಕೇಂದ್ರವಾಗಿರಿಸಿಕೊಂಡು ಬೆಳೆದಿದೆ. ಈ ಚೌಕಟ್ಟನ್ನು ಪ್ರಶ್ನಿಸಿದ ವಸಾಹತೋತ್ತರ ಚಿಂತನೆಯು, ಸಾಮ್ರಾಜ್ಯದ ಆಳ್ವಿಕೆಯಲ್ಲಿ ಜನಾಂಗ, ಲಿಂಗತ್ವ ಹಾಗೂ ವರ್ಗಗಳು ಒಂದರೊಳಗೊಂದು ಹೆಣೆದುಕೊಂಡೇ ವರ್ತಿಸುತ್ತವೆ ಎಂಬುದನ್ನು ಮುಂದಿಟ್ಟಿತು. ಆಗ್ನೇಯ ನೈಜೀರಿಯಾದಲ್ಲಿ 1929ರಲ್ಲಿ ನಡೆದ ಘಟನೆಯೊಂದು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಬ್ರಿಟಿಷ್ ದಾಖಲೆಗಳಲ್ಲಿ ಅದು 'ಆಬಾ ದಂಗೆ'. ಇಗ್ಬೋ ಭಾಷೆಯಲ್ಲಿ 'ಓಗು ಉಮುನ್ವಾನ್ಯಿ', ಅಂದರೆ ಹೆಂಗಸರ ಯುದ್ಧ.

ಇಗ್ಬೋ ಸಮಾಜದ ಬಹುಭಾಗದಲ್ಲಿ ಅರಸೊತ್ತಿಗೆ ಇರಲಿಲ್ಲ. ಗ್ರಾಮಸಭೆಗಳ ಜೊತೆಗೆ ಹೆಂಗಸರದೇ ಆದ ಕೂಟಗಳಿದ್ದವು. ಸಂತೆಯ ಕಟ್ಟುಪಾಡುಗಳನ್ನು ಅವು ನಿರ್ಣಯಿಸುತ್ತಿದ್ದವು. ಒಡೆಯನಿಲ್ಲದ ಸಮಾಜವನ್ನು ಊಹಿಸಲಾರದ ವಸಾಹತು ಆಡಳಿತವು ಗಂಡಸರನ್ನೇ ಆರಿಸಿ, ಅಧಿಕಾರಪತ್ರ ನೀಡಿ, ಮುಖಂಡರನ್ನಾಗಿಸಿತು. ಹೀಗೆ ಜನಾಂಗೀಯ ಆಳ್ವಿಕೆಯು ಗಂಡಸರ ಹೊಸ ಅಧಿಕಾರವರ್ಗವೊಂದನ್ನು ಸೃಷ್ಟಿಸಿತು.

1928ರಲ್ಲಿ ಗಂಡಸರ ಮೇಲೆ ನೇರ ತೆರಿಗೆ ಜಾರಿಗೆ ಬಂದಿತು. ಮರುವರ್ಷ ತಾಳೆ ಉತ್ಪನ್ನಗಳ ಬೆಲೆ ಕುಸಿಯಿತು. ತಾಳೆಬೀಜದ ಆದಾಯವು ಹೆಂಗಸರದಾಗಿದ್ದುದರಿಂದ ಯುರೋಪಿನ ಮಾರುಕಟ್ಟೆಯ ಏರಿಳಿತ ನೇರವಾಗಿ ಅವರ ಒಲೆಯನ್ನೇ ಮುಟ್ಟಿತು. ಇಂಥ ಹೊತ್ತಿನಲ್ಲಿ, 1929ರ ನವೆಂಬರಿನಲ್ಲಿ, ಓಲೋಕೋ ಎಂಬಲ್ಲಿ ಮುಖಂಡ ಓಕುಗೋ ಕಳುಹಿಸಿದ ಎಣಿಕೆಗಾರನು ನ್ವಾನ್ಯೆರುವಾ ಎಂಬ ಹೆಂಗಸಿನ ಮನೆಯ ಜನ, ಜಾನುವಾರುಗಳ ಲೆಕ್ಕ ಕೇಳಿದನು. ಎಣಿಕೆಯ ಹಿಂದೆ ತೆರಿಗೆ ಬರುವುದೆಂಬುದು ಅನುಭವದಿಂದ ತಿಳಿದಿತ್ತು. ಸುದ್ದಿಯು ಸಂತೆಗಳ ಮೂಲಕ ಹಬ್ಬಿ, ಇಗ್ಬೋ ಮತ್ತು ಇಬಿಬಿಯೋ ಪ್ರದೇಶಗಳ ಸಾವಿರಾರು ಹೆಂಗಸರು ಒಗ್ಗೂಡಿದರು.

ಜಾನಪದ ಅಧ್ಯಯನದ ದೃಷ್ಟಿಯಿಂದ ಪ್ರತಿಭಟನೆಯ ರೂಪವೇ ಮುಖ್ಯವಾದುದು. ಕಟ್ಟಳೆ ಮೀರಿದ ಗಂಡಸಿನ ಮನೆಯಂಗಳಕ್ಕೆ ಹೆಂಗಸರೆಲ್ಲ ನುಗ್ಗಿ, ಅವನ ತಪ್ಪುಗಳನ್ನು ಹಾಡಿ, ಕುಣಿದು, ಒನಕೆಗಳಿಂದ ಗೋಡೆ ಬಡಿದು ನಾಚಿಸುವ ಆಚರಣೆ ಅಲ್ಲಿ ರೂಢಿಯಲ್ಲಿತ್ತು. 'ಗಂಡಸಿನ ಮೇಲೆ ಕೂರುವುದು' ಎಂಬುದು ಅದರ ಹೆಸರು. ಅವನು ತಪ್ಪೊಪ್ಪಿಕೊಳ್ಳುವವರೆಗೆ ಅದು ನಿಲ್ಲುತ್ತಿರಲಿಲ್ಲ. ಮುಖಕ್ಕೆ ಬೂದಿ ಬಳಿದು, ಎಳೆಯ ತಾಳೆಗರಿ ಸುತ್ತಿದ ಕೋಲು ಹಿಡಿದು 1929ರಲ್ಲಿ ಹೊರಟವರು ಈ ನ್ಯಾಯವಿಧಾನವನ್ನೇ ಮುಖಂಡರ ಮೇಲೆ, ಅವರ ಹಿಂದಿದ್ದ ಆಳ್ವಿಕೆಯ ಮೇಲೆ ಪ್ರಯೋಗಿಸಿದರು. ದೇಶೀಯ ನ್ಯಾಯಾಲಯಗಳ ಕಟ್ಟಡಗಳೂ ಯುರೋಪಿಯನ್ ವ್ಯಾಪಾರಿ ಮಳಿಗೆಗಳೂ ದಾಳಿಗೆ ಗುರಿಯಾದವು. ಅಧಿಕಾರಿಗಳ ಕಣ್ಣಿಗೆ ಕಂಡುದು ಉನ್ಮತ್ತ ಗುಂಪು ಮಾತ್ರ. ಡಿಸೆಂಬರಿನಲ್ಲಿ ಸೈನಿಕರೂ ಪೊಲೀಸರೂ ಗುಂಡು ಹಾರಿಸಿದರು. ಐವತ್ತಕ್ಕೂ ಹೆಚ್ಚು ಹೆಂಗಸರು ಮಡಿದರು.

1930ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. ಮುಂದೆ ಅಧಿಕಾರಪತ್ರದ ಮುಖಂಡರ ವ್ಯವಸ್ಥೆ ರದ್ದಾಗಿ, ಕೆಲವೆಡೆ ಹೆಂಗಸರು ನ್ಯಾಯಾಲಯಗಳ ಸದಸ್ಯರೂ ಆದರು. ಇದು ಹೋರಾಟದ ನಿಜವಾದ ಫಲ. ಆದರೆ ಜೂಡಿತ್ ವಾನ್ ಆಲೆನ್ 1972ರ ತಮ್ಮ ಲೇಖನದಲ್ಲಿ ತೋರಿಸಿಕೊಟ್ಟಂತೆ, ಸುಧಾರಣೆಗಳು ಹೆಂಗಸರ ಕೂಟಗಳ ಸಾಂಪ್ರದಾಯಿಕ ಅಧಿಕಾರವನ್ನು ಮರಳಿಸಲಿಲ್ಲ.

'ದಂಗೆ' ಎಂಬ ಪದವು ಹೆಂಗಸರ ಕ್ರಿಯೆಯಿಂದ ಕಾರಣ, ಸಂಘಟನೆ, ನ್ಯಾಯಪ್ರಜ್ಞೆಗಳನ್ನು ಕಳೆದು ಗದ್ದಲವನ್ನಷ್ಟೇ ಉಳಿಸುತ್ತದೆ. 'ಯುದ್ಧ' ಎಂಬ ಪದವು ಅವರನ್ನು ರಾಜಕೀಯ ಕರ್ತೃಗಳೆಂದು ಗುರುತಿಸುತ್ತದೆ. ದಾಖಲೆಯನ್ನು ಬರೆದವರ ಪದಕೋಶದಿಂದಲೇ ಘಟನೆಯನ್ನು ಓದುವವರೆಗೆ ಸಂತೆಯ ಹೆಂಗಸು ವಿಶ್ವ ರಾಜಕಾರಣದ ಹೊರಗೇ ಉಳಿಯುತ್ತಾಳೆ. ಆಕೆಯ ಹಾಡು, ಕುಣಿತ, ತಾಳೆಗರಿಗಳನ್ನು ಆಕರಗಳೆಂದು ಒಪ್ಪಿಕೊಂಡಾಗ ಮಾತ್ರ ಜನಾಂಗ, ಲಿಂಗತ್ವ, ವರ್ಗಗಳ ಹೆಣಿಗೆ ಪೂರ್ಣವಾಗಿ ಗೋಚರಿಸುತ್ತದೆ.