ಕೋಲಂ: ಚುಕ್ಕಿಗಳ ನಡುವೆ ಸೃಜನಶೀಲತೆ



"ಸೃಜನಶೀಲತೆ ಹುಟ್ಟಿನಿಂದಲೇ ಬರಬೇಕು, ನನ್ನಿಂದಾಗದು" ಎಂದು ನಿಮ್ಮಲ್ಲಿ ಅನೇಕರು ಹೇಳುವುದುಂಟು. ಇದು ನಿಜವೇ? ತಮಿಳುನಾಡಿನ ಮನೆಯಂಗಳ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ.

ಅಲ್ಲಿ ಬೆಳಗಿನ ಜಾವ ಅಂಗಳ ಗುಡಿಸಿ, ನೀರು ಚಿಮುಕಿಸಿ, ಅಕ್ಕಿಹಿಟ್ಟಿನಿಂದ ಕೋಲಂ ಹಾಕುವುದು ರೂಢಿ. ನಾವು ಧನುರ್ಮಾಸವೆನ್ನುವ ಮಾರ್ಗಳಿ ತಿಂಗಳಲ್ಲಂತೂ ಬೀದಿಗೆ ಬೀದಿಯೇ ಕೋಲಂಗಳಿಂದ ತುಂಬುತ್ತದೆ. ಹೊತ್ತೇರಿದಂತೆ ಓಡಾಡುವವರ ಕಾಲ್ತುಳಿತಕ್ಕೆ ಸಿಕ್ಕಿ, ಇರುವೆಗಳಿಗೆ ಆಹಾರವಾಗಿ ಅದು ಅಳಿಯುತ್ತದೆ. ಮರುದಿನ ಮತ್ತೆ ಹೊಸದು. ಆದ್ದರಿಂದ ಇಲ್ಲಿ ತಪ್ಪಿನ ಭಯವಿಲ್ಲ. ಇಂದು ಕೆಟ್ಟದ್ದನ್ನು ನಾಳೆ ತಿದ್ದಬಹುದು.

ಕೋಲಂಗಳಲ್ಲಿ 'ಸಿಕ್ಕು ಕೋಲಂ' ಒಂದು ಬಗೆ. ಸಿಕ್ಕು ಎಂಬುದಕ್ಕೆ ಕನ್ನಡದಲ್ಲಿರುವ ಅರ್ಥವೇ ಅಲ್ಲಿಯೂ ಇದೆ: ಗೋಜಲು. ಮೊದಲು ಚುಕ್ಕಿಗಳ ಸಾಲು. ತಮಿಳಿನಲ್ಲಿ ಇವು 'ಪುಳ್ಳಿ'. ಬಳಿಕ ಎಳೆ. ಎಳೆಯು ಚುಕ್ಕಿಯನ್ನು ಮುಟ್ಟದೆ ಸುತ್ತಬೇಕು, ಯಾವ ಚುಕ್ಕಿಯೂ ಹೊರಗುಳಿಯಬಾರದು, ಹೊರಟಲ್ಲಿಗೇ ಮರಳಬೇಕು.

ಹುಡುಗಿಯರು ತಾಯಿ, ಅಜ್ಜಿಯರನ್ನು ನೋಡಿ ಇದನ್ನು ಕಲಿಯುತ್ತಾರೆ, ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮೊದಲ ಹಂತ ಅನುಕರಣೆ. ಕೈ ಪಳಗಿದ ಮೇಲೆ ಒಂದು ತಿರುವನ್ನು ಬದಲಿಸುವ ಧೈರ್ಯ ಬರುತ್ತದೆ. ಸೃಷ್ಟಿ ಆರಂಭವಾಗುವುದು ಅಲ್ಲಿಂದಲೇ.

ಈ ಕಲೆಯೊಳಗಿನ ಶಿಸ್ತು ವಿದ್ವಾಂಸರನ್ನೂ ಸೆಳೆಯಿತು. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪ್ರಾಧ್ಯಾಪಕ ಗಿಫ್ಟ್ ಸಿರೊಮನಿ ಅವರು ರಾಣಿ ಸಿರೊಮನಿ ಮತ್ತು ಕಮಲಾ ಕೃತ್ತಿವಾಸನ್ ಅವರೊಡನೆ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಭಾಷೆಗೆ ವ್ಯಾಕರಣವಿರುವಂತೆ ಕೋಲಂ ವಿನ್ಯಾಸಗಳಿಗೂ ವ್ಯಾಕರಣ ರಚಿಸಬಹುದೆಂದು ತೋರಿಸಿದರು. 'ಹೆಂಗಸರ ಮನೆಗೆಲಸ' ಎಂದು ಕಡೆಗಣಿಸಿದ್ದರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಪಾಠವಿತ್ತು!

ನೀವೂ ಮಾಡಿ ನೋಡಿ. ಸಾಲಿಗೆ ಎರಡರಂತೆ ಎರಡು ಸಾಲು ಚುಕ್ಕಿ ಇಡಿ. ಅಕ್ಕಪಕ್ಕದ ಹಾಗೂ ಮೇಲೆ ಕೆಳಗಿನ ಚುಕ್ಕಿಗಳ ನಡುವೆ ಎಳೆಗಳು ಓರೆಯಾಗಿ ಒಂದನ್ನೊಂದು ದಾಟಲಿ; ಅಂಚಿನಲ್ಲಿ ಚುಕ್ಕಿಯನ್ನು ಬಳಸಿ ತಿರುಗಲಿ. ಎರಡು ಪ್ರತ್ಯೇಕ ಎಳೆಗಳು ಬೇಕಾಗುತ್ತವೆ. ಇದೇ ಕ್ರಮದಲ್ಲಿ ಸಾಲಿಗೆ ಮೂರರಂತೆ ಎರಡು ಸಾಲು ಇಟ್ಟರೆ ಒಂದೇ ಎಳೆ ಸಾಕು. 3 ಸಾಲಿಗೆ 3 ಚುಕ್ಕಿಯಾದರೆ ಮೂರು. 4 ಸಾಲಿಗೆ 6 ಚುಕ್ಕಿಯಾದರೆ ಎರಡು. ಗುಟ್ಟೇನು? ಸಾಲುಗಳ ಸಂಖ್ಯೆ ಮತ್ತು ಸಾಲಿನೊಳಗಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮ.ಸಾ.ಅ. ಎಷ್ಟೋ ಅಷ್ಟು ಎಳೆಗಳು!

ಈಗ ಮೊದಲ ಚಿತ್ರಕ್ಕೆ ಮರಳಿ. ಯಾವುದಾದರೂ ಒಂದೇ ಕಡೆ ಎಳೆಗಳು ದಾಟದೆ, ತಂತಮ್ಮ ಚುಕ್ಕಿಯತ್ತಲೇ ಹಿಂತಿರುಗಲಿ. ಎರಡು ಎಳೆಗಳು ಒಂದಾಗಿಬಿಡುತ್ತವೆ. ನಿಯಮ ಮುರಿದಿಲ್ಲ, ಚುಕ್ಕಿ ಬಿಟ್ಟುಹೋಗಿಲ್ಲ. ಆದರೂ ಚಿತ್ರ ಹೊಸದು.

ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಬೇಕೆ? ಹುಡುಗರೂ ಸಂಕೋಚಪಡಬೇಕಿಲ್ಲ. ನಾಳೆ ಬೆಳಗ್ಗೆ ನಿಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯ ಮುಂದೆ ಒಂದು ನಿಮಿಷ ನಿಲ್ಲಿ, ಹಾಕಿದವರನ್ನು ಮಾತನಾಡಿಸಿ. ನಿಮ್ಮ ಮೊದಲ ಗುರು ಅವರೇ ಆಗಿರಬಹುದು.