ಹಳೆಯ ಫಲಕ, ತರುವಾಯದ ಅಚ್ಚು

ಪ್ರಶ್ನೆ: ಹಳೆಯ ಧಾರ್ಮಿಕ ತಾಮ್ರಫಲಕಗಳಿಂದ ತರುವಾಯ ತೆಗೆದ ಅಚ್ಚುಗಳು ಸಂಗ್ರಹಯೋಗ್ಯವೇ?

ಉತ್ತರ: ಯೋಗ್ಯವೇ ಸರಿ, ಆದರೆ ಅವು ಯಾವ ಕಾಲದವೆಂಬುದನ್ನರಿತು ಕೊಳ್ಳತಕ್ಕದ್ದು. ತಾಮ್ರವು ಮೃದುಲೋಹವಾದುದರಿಂದ, ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ತೇವದ ಕಾಗದವನ್ನಿರಿಸಿ ಒತ್ತಿದಷ್ಟೂ ಆ ಗೆರೆಗಳು ಸವೆಯುವುವು. ಸೂಜಿಮೊನೆಯೆಬ್ಬಿಸಿದ ಲೋಹದಂಚು ನೀಡುತ್ತಿದ್ದ ಮಖಮಲ್ಲಿನಂಥ ಕಪ್ಪು ಎಲ್ಲಕ್ಕೂ ಮೊದಲು ಮಾಯವಾಗುವುದು. ಕ್ರಿಸ್ತನು ರೋಗಿಗಳನ್ನು ಗುಣಪಡಿಸುವ ದೃಶ್ಯವುಳ್ಳ, ರೆಂಬ್ರಾಂಟನು 1648ರ ಸುಮಾರಿಗೆ ರಚಿಸಿದ ‘ನೂರು ಗಿಲ್ಡರ್ ಚಿತ್ರ’ದ ಫಲಕವು ಹೀಗೆ ಸವೆದಿರಲು, ಕ್ಯಾಪ್ಟನ್ ವಿಲಿಯಂ ಬೇಲಿ ಎಂಬಾತನು 1775ರಲ್ಲಿ ಅದನ್ನು ತಿದ್ದಿ ಕೊರೆದು ಅಚ್ಚು ತೆಗೆದು, ಬಳಿಕ ಫಲಕವನ್ನೇ ನಾಲ್ಕು ತುಂಡಾಗಿಸಿದನು, ನನ್ನ ದೃಷ್ಟಿಯಲ್ಲಿದು ಅಕ್ಷಮ್ಯ. ಆ ತುಂಡುಗಳಿಂದಲೂ ಅಚ್ಚುಗಳು ಹೊರಟವು. ಆದುದರಿಂದ ಅಚ್ಚಿನ ಕಾಲವನ್ನರಿಯಲು, ಕೊಳ್ಳುವ ಮುನ್ನ ಕಾಗದವನ್ನು ಬೆಳಕಿಗೆ ಹಿಡಿದು ನೀರ್ಗುರುತನ್ನು ಪರೀಕ್ಷಿಸಿರಿ.